ನೀರು ತಾಗಿಸದ ಕಲ್ಲುಹೂವು

"ಇದು ಮರದ್ದು ಶೆಟ್ರೇ. ನಂಗೆ ಬೇಕಾಗಿರೋದು ಬಂಡೇದು."

ಹಾಗಂದವಳು ನರಸಮ್ಮ. ನಾನು ಕಾಗದದ ಮೇಲೆ ಸುರಿದಿದ್ದ ಕಲ್ಲುಹೂವನ್ನು ಒಂದೇ ಬೆರಳಿನಲ್ಲಿ ಕೆದಕಿ, ಮತ್ತೆ ನನ್ನ ಕಡೆಗೇ ತಳ್ಳಿದಳು.

ಸೂಲಿಬೆಲೆ ಬಜಾರಿನಲ್ಲಿ ನನ್ನದೊಂದು ಗ್ರಂದಿಗೆ ಅಂಗಡಿ. ಅಳಲೆಕಾಯಿ, ಹಿಪ್ಪಲಿ, ಬಜೆ, ಅತಿಮಧುರ, ಹೀಗೆ ಬೇರು ನಾರು ಮಾರುವ ಕಸುಬು. ಕಲ್ಲುಹೂವು ಅಂದರೆ ಮಸಾಲೆಗೆ ಹಾಕುತ್ತಾರಲ್ಲ, ಮೇಲೆ ಬೂದಿ ಬಣ್ಣ, ಅಡಿಯಲ್ಲಿ ಕಪ್ಪು, ಮುದುಡಿದ ಕಾಗದದ ಹಾಗಿರುತ್ತದೆ, ಅದೇ. ಬೇರಿಲ್ಲ, ಕಾಂಡವಿಲ್ಲ. ಮರದ ತೊಗಟೆಗೋ ಬಂಡೆಯ ಮೈಗೋ ಹಕ್ಕಳೆಯ ಹಾಗೆ ಅಂಟಿಕೊಂಡು ವರ್ಷಕ್ಕೆ ಒಂದು ರಾಗಿಕಾಳಿನಷ್ಟು ಬೆಳೆಯುತ್ತದೆ. ನನ್ನ ಅಂಗಡಿಗೆ ಬರುತ್ತಿದ್ದುದು ನಲ್ಲೂರಿನ ಹುಣಸೆ ತೋಪಿನದು. ಅಲ್ಲಿಯ ಸಪ್ಪಲಮ್ಮ ಎಂಬ ಮುದುಕಿ ಸಂತೆಯ ದಿನ ಚೀಲ ತುಂಬಿ ತಂದು ಕೊಡುತ್ತಿದ್ದಳು.

"ಬಂಡೇದು ಯಾಕಮ್ಮ? ಎಲ್ಲಾ ಒಂದೇ ಜಾತಿ," ಅಂದೆ.

"ಒಂದೇ ಹೆಂಗಾಯ್ತದೆ? ನಮ್ ಯಜಮಾನ್ರಿಗೆ ಹಿಡಿದಿರೋದು ಮರದ ಕಾಯಿಲೇನಾ?"

ಅವಳ ಯಜಮಾನ ಆವಲಪ್ಪ, ಕಲ್ಲೊಡೆಯುವವರ ಮೇಸ್ತ್ರಿ. ಊರಿಂದ ಮೂರು ಮೈಲಿ ದೂರ, ಬಂಡೆಯ ಬುಡದಲ್ಲಿ ಅವರ ಹತ್ತು ಹದಿನೈದು ಗುಡಿಸಲು. ನಮ್ಮ ಸೀಮೆಯ ಚಪ್ಪಡಿ, ದ್ರಾಕ್ಷಿ ತೋಟದ ಕಲ್ಲುಕಂಬ, ಒರಳು, ಎಲ್ಲ ಅವರ ಕೈಯಿಂದಲೇ ಬಂದದ್ದು. ನನ್ನ ಅಂಗಡಿಯ ಮೆಟ್ಟಿಲೂ ಆವಲಪ್ಪ ಕಡಿದದ್ದೇ. ಇದು ಅರವತ್ತೆಂಟನೇ ಇಸವಿಯ ಮಾತು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವನಿಗೆ ಸುತ್ತಿಗೆ ಎತ್ತಲಾಗಲಿಲ್ಲ. ಯುಗಾದಿಯ ಹೊತ್ತಿಗೆ ಹತ್ತು ಹೆಜ್ಜೆ ಇಟ್ಟರೆ ನಿಲ್ಲಬೇಕು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ಕಣ್ಣು ಮುಚ್ಚುತ್ತಿದ್ದ.

"ಬೆಂಗ್ಳೂರಿಗೆ ಕರ್ಕೊಂಡೋಗಿದ್ಯಲ್ಲ, ಏನಂದ್ರು?"

"ಎದೆ ಫೋಟೋ ಹಿಡಿದ್ರು. ಡಾಕ್ಟ್ರಮ್ಮ ಒಳ್ಳೇವ್ರು ಶೆಟ್ರೇ, ಬೆಳಕಿಗೆ ಹಿಡಿದು ನಂಗೂ ತೋರ್ಸಿದ್ರು. ಕ್ಷಯ ಅಲ್ಲಮ್ಮ, ಕಲ್ಲಿನ ಧೂಳು ಕೂತು ಒಳಗೆಲ್ಲಾ ಗಾಯ ಆಗಿದೆ, ಇದಕ್ಕೆ ಔಷ್ದಿ ಇಲ್ಲ, ಧೂಳಿಂದ ದೂರ ಇಡು ಅಂದ್ರು. ದೂರಾನೇ ಇಟ್ಟಿದ್ದೀನಿ. ಗುಡ್ಲು ಹಿಂದ್ಗಡೆ, ಗಾಳಿ ಬರೋ ಕಡೆ ಬೆನ್ನು ಮಾಡಿ ಕೂರ್ಸಿದ್ದೀನಿ." ಆಮೇಲೆ ಅಂಗಡಿಯಲ್ಲಿ ಬೇರೆ ಯಾರೋ ಇದ್ದಾರೆ ಅನ್ನುವ ಹಾಗೆ ದನಿ ತಗ್ಗಿಸಿದಳು. "ಗಾಯ ಅಂದ್ರಲ್ಲ ಶೆಟ್ರೇ. ಗಾಯಕ್ಕೆ ನಮ್ಮತ್ರ ಮದ್ದಿಲ್ವಾ?"

ಮದ್ದು ಇತ್ತು. ಉಳಿ ಜಾರಿ ಬೆರಳು ಸೀಳಿದರೆ, ಕಲ್ಲು ಉರುಳಿ ಕಾಲು ಜಜ್ಜಿದರೆ, ಅವರು ಕಲ್ಲುಹೂವಿನ ಪುಡಿಯನ್ನು ಒತ್ತಿ ಬಟ್ಟೆ ಕಟ್ಟುತ್ತಿದ್ದರು. ಕೀವಾಗುತ್ತಿರಲಿಲ್ಲ. ಆವಲಪ್ಪನ ತಮ್ಮ ಬೈರಣ್ಣನ ಕಾಲಿನ ಹೆಬ್ಬೆರಳು ಕಪ್ಪಗಾಗಿ, ಆಸ್ಪತ್ರೆಯಲ್ಲಿ ತೆಗೆಯಬೇಕು ಅಂದಿದ್ದರು. ಅವನು ತಪ್ಪಿಸಿಕೊಂಡು ಬಂದು ಇದೇ ಪುಡಿ ಕಟ್ಟಿಕೊಂಡ. ಈಗಲೂ ಆ ಬೆರಳು ಅವನ ಕಾಲಲ್ಲೇ ಇದೆ. ಅದನ್ನು ನಾನೇ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

"ಹೊರಗಿನ ಗಾಯ ಮಾಯ್ಸೋದು ಒಳಗಿಂದ ಮಾಯ್ಸಲ್ವಾ?" ನರಸಮ್ಮ ಕೇಳಿದಳು.

ನನಗೆ ಗೊತ್ತಿಲ್ಲ ಎನ್ನಬೇಕಾಗಿತ್ತು. ಎರಡು ಮಾತು. ಆದರೆ ಅದು ನನ್ನ ಬಾಯಿಗೆ ಬರುವುದೇ ಇಲ್ಲ. ಸ್ಕೂಲಿಗೆ ನಾನು ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಮಿಕ್ಕಿದ್ದೆಲ್ಲ ಪೊಟ್ಟಣ ಕಟ್ಟಲು ತಂದ ಹಳೇ ಕಾಗದ ಓದಿ ಕಲಿತದ್ದು. ಹಳೇ ಪೇಪರು, ಹರಿದ ವೈದ್ಯದ ಪುಸ್ತಕ, ಯಾರದೋ ನೋಟ್ಸು. ಒಂದೊಂದು ಹಾಳೆಯನ್ನೂ ಓದದೆ ನಾನು ಜೀರಿಗೆ ಕಟ್ಟಿದವನಲ್ಲ. ಹಾಗಾಗಿ ನನ್ನ ತಲೆಯಲ್ಲಿ ಎಲ್ಲದರದೂ ಒಂದೊಂದು ಪುಟ ಇತ್ತು, ಯಾವುದರದೂ ಮುಂದಿನ ಪುಟ ಇರಲಿಲ್ಲ.

"ನಿನ್ ಮಾತು ಸುಳ್ಳಲ್ಲ ನರಸಮ್ಮ," ಅಂದೆ. "ಆದ್ರೆ ಬಂಡೇದು ಎಲ್ಲಿಂದ ತರ್ತೀಯ? ಇರೋ ಬಂಡೇನೆಲ್ಲಾ ನೀವೇ ಸೀಳಿ ಬೆಳ್ಳಗೆ ಮಾಡಿದ್ದೀರಿ. ಹೊಸ ಕಲ್ಲಿನ ಮೇಲೆ ಇದು ಹತ್ತಲ್ಲ."

"ಮುನೇಶ್ವರನ ಗುಂಡು ಐತಲ್ಲ."

ಕಲ್ಲೊಡೆಯುವವರು ಯಾವ ಬಂಡೆಗೆ ಕೈ ಹಾಕಿದರೂ ಒಂದು ಗುಂಡುಕಲ್ಲನ್ನು ಮುನೇಶ್ವರನೆಂದು ಮುಟ್ಟದೆ ಬಿಡುತ್ತಾರೆ. ಅದಕ್ಕೆ ಉಳಿ ತಾಗಿಸುವಂತಿಲ್ಲ. ಮೂರು ಬೊಟ್ಟು ಸುಣ್ಣ ಇಟ್ಟು, ಕೆಲಸಕ್ಕೆ ಮುಂಚೆ ಕೈ ಮುಗಿಯುತ್ತಾರೆ. ಅವರ ತಾತಂದಿರು ಬಿಟ್ಟ ಆ ಗುಂಡು ಆನೆಯಷ್ಟಿತ್ತು, ಮೈ ತುಂಬ ಕಲ್ಲುಹೂವು.

"ಅದನ್ನ ಕೆರೀತೀಯಾ? ಬೈರಣ್ಣ ಸುಮ್ನಿರ್ತಾನಾ?"

"ಯಜಮಾನ್ರೇ ಹೇಳವ್ರೆ. ಮಿಕ್ಕಿದ್ ಬಂಡೆಗೆಲ್ಲಾ ಸುತ್ಗೇಲಿ ಹೊಡ್ದಿದ್ದೀವಿ, ಅದೊಂದಕ್ಕೇ ನಮ್ಮೇಲೆ ಸಿಟ್ಟಿಲ್ಲ. ಬಂಡೆ ತಗೊಂಡಿದ್ನ ಅದೇ ವಾಪಸ್ ಕೊಡ್ಲಿ ಅಂದ್ರು."

ಆ ಮಾತಿಗೆ ನಾನು ಸೋತೆ. ಕೂತುಕೊಂಡು ಹೇಳಿಕೊಟ್ಟೆ. ಕೆರೆದು ತಂದು ನೆರಳಲ್ಲಿ ಒಣಗಿಸು. ಕುಟ್ಟಿ ಮಲ್ ಬಟ್ಟೆಯಲ್ಲಿ ಸೋಸು, ನಶ್ಯದ ಹಾಗಿರಬೇಕು. ಪರಂಗಿ ಎಲೆಯ ದಂಟು ಟೊಳ್ಳು ಇರುತ್ತದಲ್ಲ, ಅದರಲ್ಲಿ ಚಿಟಿಕೆ ತುಂಬಿ, ಅವನು ಉಸಿರೆಳೆಯುವಾಗ ಮೂಗಿಗೆ ಊದು. ಬೆಳಿಗ್ಗೆ ಒಂದು, ಸಂಜೆ ಒಂದು. ಹೊಟ್ಟೆಗೆ ಕುಡಿಸಿದರೆ ಎದೆಗೆ ಹೋಗುವುದಿಲ್ಲ, ಉಸಿರಿನಲ್ಲೇ ಹೋಗಬೇಕು.

"ಕುಟ್ಟೋಕ್ ಮುಂಚೆ ಅಕ್ಕಿ ಜಾಲಿಸ್ದಂಗೆ ನೀರಲ್ಲಾಡ್ಸಿ ಜಾಲಿಸ್ಲಾ? ಮಣ್ಣುಗಿಣ್ಣು ತಳಕ್ಕಿಳೀತದೆ," ಅಂದಳು.

"ಛೇ ಛೇ! ನೀರು ತಾಗಿಸ್ಬೇಡ. ಸತ್ವ ಹೋಗ್ಬಿಡ್ತದೆ."

ನೀರು ತಾಗಿಸಿದರೆ ಸತ್ವ ಹೋಗುತ್ತದೆ ಎಂದು ನಾನು ಓದಿದ್ದು ನಿಜ. ಆ ಹಾಳೆಯ ಮೇಲ್ಭಾಗ ಹರಿದುಹೋಗಿತ್ತು. ಅದು ಯಾವ ಮದ್ದಿನ ಮಾತು ಎಂಬುದು ನನಗೆ ಅವತ್ತೂ ಗೊತ್ತಿರಲಿಲ್ಲ.

ಒಂದೂವರೆ ತಿಂಗಳು ಕಳೆಯಿತು. ಸಂತೆಯ ದಿನ ನರಸಮ್ಮ ಮಲ್ ಬಟ್ಟೆಗೆ ಬಂದವಳು ನನ್ನ ಅಂಗಡಿಗೂ ಹತ್ತಿದಳು. ಅಂಗೈ ಸುಲಿದು ಕೆಂಪಗಿತ್ತು.

"ನೋಡಿ ಶೆಟ್ರೇ, ಇಷ್ಟು ಸಣ್ಣಗಿದ್ರೆ ಸಾಕಾ?" ಎಂದು ಒಂದು ಪೊಟ್ಟಣ ಇಟ್ಟಳು. ಬೆರಳಿಗೆ ಬೂದಿಯ ಹಾಗೆ ಮೆತ್ತಿತು. ಭೇಷ್ ಅಂದೆ.

"ಹೆಂಗಿದಾನೆ?"

"ಊದ್ದಾಗ ಕೆಮ್ತಾರೆ. ಕಣ್ಣಲ್ಲಿ ನೀರು ಸುರೀತದೆ. ಮೊದ್ಲಿಗಿಂತ ಜಾಸ್ತೀನೇ." ನನ್ನ ಮುಖ ನೋಡಿದಳು. "ಕಫ ಕೀಳ್ತಿರ್ಬೇಕು ಅಲ್ವಾ?"

"ಇನ್ನೇನ್ ಮತ್ತೆ!" ಅಂದೆ.

ಅವಳ ಮುಖ ಹಗುರವಾಯಿತು. ಪೊಟ್ಟಣವನ್ನು ಅಲ್ಲೇ ಬಿಟ್ಟು, ಬಟ್ಟೆ ಮಡಿಲಿಗೆ ಹಾಕಿಕೊಂಡು ಓಡಿದಳು. ಸಂಜೆಯ ಪಾಳಿ ಊದಬೇಕಿತ್ತು.

ಸ್ವಲ್ಪ ಹೊತ್ತಿಗೆ ನಲ್ಲೂರಿನ ಸಪ್ಪಲಮ್ಮ ಬಂದಳು. ಚೀಲ ಇಳಿಸಿ, ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಂಡಳು. ನನ್ನಪ್ಪನ ಕಾಲದಿಂದ ಬರುತ್ತಿದ್ದವಳು, ನನ್ನನ್ನು ಈಗಲೂ ಏಕವಚನದಲ್ಲೇ ಕರೆಯುವವಳು. ಕಣ್ಣಿಗೆ ಪೊಟ್ಟಣ ಬಿತ್ತು.

"ಇದೇನ್ಲಾ ಲಕ್ಷ್ಮಯ್ಯ, ನಶ್ಯದ ಯಾಪಾರ ಯಾವಾಗಿಂದ?"

"ನಿನ್ ಯಾಪಾರಾನೇ ಅಜ್ಜಿ. ಕಲ್ಲುಹೂವಿನ ಪುಡಿ. ಹೆಂಗೈತೆ ನೋಡು."

ಅವಳು ಚಿಟಿಕೆ ತೆಗೆದು ನಾಲಿಗೆಗೆ ಹಾಕಿ, ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಕಡಿದಳು. ಬೀಸಿದ ರಾಗಿ ಹಿಟ್ಟಿನಲ್ಲಿ ಕಲ್ಲಿದೆಯೋ ಎಂದು ಹೆಂಗಸರು ನೋಡುವುದಿಲ್ಲವೇ, ಹಾಗೆ. ಕರ್ ಎಂದಿತು. ನನಗೂ ಕೇಳಿಸಿತು.

"ಥೂ! ಕಲ್ಲು ಕಣ್ಲಾ ಇದು. ಅರ್ಧಕ್ಕರ್ಧ ಕಲ್ಲು."

"ಮಲ್ ಬಟ್ಟೇಲಿ ಸೋಸವ್ಳೆ ಅಜ್ಜಿ."

"ಮಲ್ ಬಟ್ಟೇಲಿ ಸೋಸಿದ್ರೆ ದಪ್ಪ ಕಲ್ಲು ನಿಂತ್ಕೊಂತದೆ, ಸಣ್ಣ ಕಲ್ಲು ಇಳೀತದೆ. ಬಂಡೇದನ್ನ ಉಳೀಲಿ ಕೆರೆದವ್ರೆ, ಅಲ್ವಾ? ಬಂಡೆ ಹೂವು ಬಂಡೆ ಚರ್ಮ ಕಿತ್ಕೊಂಡೇ ಬರ್ತದೆ ಕಣೋ. ನಾನು ಮರದ್ದನ್ನೇ ಇಬ್ಬನಿ ಕುಡಿದು ಮೆತ್ತಗಾದಾಗ ಕೈಯಲ್ಲಿ ಸುಲೀತೀನಿ. ಅದನ್ನೂ ಮೂರು ನೀರಲ್ಲಿ ಜಾಲಿಸ್ದೆ ಯಾರ್ಗೂ ಕೊಟ್ಟೋಳಲ್ಲ." ಬಾಯಿ ಮುಕ್ಕಳಿಸಿ ಬೀದಿಗೆ ಉಗಿದಳು. "ಗಾಯಕ್ಕಾದ್ರೆ ಹೋಗ್ಲಿ, ಗಾಯ ಕಲ್ಲನ್ನ ತಾನೇ ಆಚೆ ತಳ್ತದೆ. ಯಾತಕ್ಕೆ ಮಾಡಿದ್ದು?"

"ಉಸಿರಿಗೆ."

"ಯಾರ್ ಉಸಿರಿಗೆ?"

"ಕಲ್ಲೊಡೆಯೋ ಆವಲಪ್ಪಂಗೆ. ಧೂಳು ಕೂತದೆ ಅಂದ್ರಂತೆ. ಹೆಂಡ್ತಿ ದಿನಕ್ಕೆರಡ್ಸಲ ಊದ್ತಾವ್ಳೆ."

ಮುದುಕಿ ಸೆರಗಿನಿಂದ ನಾಲಿಗೆ ಒರೆಸಿಕೊಂಡಳು.

"ಜಾಲಿಸ್ಬೇಡ ಅಂತ ಆ ತಾಯಿಗೆ ಯಾರೋ ಹೇಳಿರ್ಬೇಕು," ಅಂದಳು. "ಹಿಟ್ಟಲ್ಲಿ ಕಲ್ಲು ನೋಡ್ದೇ ಇರೋ ಹೆಂಗಸು ಈ ಸೀಮೇಲಿಲ್ಲ."

ನಾನು ತಕ್ಕಡಿಯ ಬಟ್ಟಲು ಒರೆಸುತ್ತಿದ್ದೆ. ಅದು ಆಗಲೇ ಚೊಕ್ಕಟವಾಗಿತ್ತು.

"ನಿನ್ಹತ್ರ ಏನಾದ್ರೂ ಐತಾ ಅಜ್ಜಿ, ಅವ್ನಿಗೆ?"

"ಕೆಮ್ಮಿಗೆ ಕಷಾಯ ಕೊಡ್ತೀನಿ. ಹುಣ್ಣಿಗೆ ಪುಡಿ ಕೊಡ್ತೀನಿ. ಕಲ್ಲು ಕೂತ ಎದೆಗೆ ನನ್ಹತ್ರ ಏನಿದ್ದಾತು ಲಕ್ಷ್ಮಯ್ಯ? ಏನೂ ಇಲ್ಲ. ಅದನ್ನ ನಿಲ್ಸು ಹೋಗು ಮೊದ್ಲು."

ಮಾರನೇ ದಿನ ಅವಳು ಕೊಟ್ಟ ಹುಣಸೆ ಮರದ ಕಲ್ಲುಹೂವನ್ನೇ ಒಂದು ಸೇರು ಪೊಟ್ಟಣ ಮಾಡಿ, ಸೈಕಲ್ಲಿಗೆ ಕಟ್ಟಿಕೊಂಡು ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡೆ. ತಪ್ಪು ನಂದು ನರಸಮ್ಮ. ಹರಿದ ಹಾಳೆ ಓದಿ ಹೇಳ್ದೆ ನರಸಮ್ಮ. ಒಂದೂ ಚೆನ್ನಾಗಿ ಕೇಳಿಸಲಿಲ್ಲ. ಬಂಡೆಯ ತಿರುವಿನಲ್ಲಿ ಮುನೇಶ್ವರನ ಗುಂಡು ಕಂಡಿತು. ಆಳೆತ್ತರದವರೆಗೆ ಅದರ ಮೈ ಕೆರೆದು, ಕುರಿಯ ಉಣ್ಣೆ ಕತ್ತರಿಸಿದ ಹಾಗೆ ಬೆಳ್ಳಗೆ ಬೋಳಾಗಿತ್ತು. ಸುಣ್ಣದ ಮೂರು ಬೊಟ್ಟಿನ ಸುತ್ತ ಮಾತ್ರ ಗೇಣಗಲ ಹಾಗೇ ಬಿಟ್ಟಿದ್ದಳು.

ಗುಡಿಸಲ ಹಿಂದೆ ಆವಲಪ್ಪ ಒಬ್ಬನೇ ಕೂತಿದ್ದ. ತೋಳುಗಳು ಕಡ್ಡಿಯಾಗಿದ್ದವು, ಮುಷ್ಟಿ ಮಾತ್ರ ಹಳೇ ಮೇಸ್ತ್ರಿಯದೇ. ನರಸಮ್ಮ ನೀರಿಗೆ ಹೋಗಿದ್ದಳು.

"ಬನ್ನಿ ಶೆಟ್ರೇ. ಮೆಟ್ಲು ಸವೆದೋಯ್ತಾ, ಹೊಸ್ದು ಬೇಕಾ?" ಅಂದ. ಎರಡೆರಡು ಮಾತಿಗೆ ಉಸಿರು ಹುಡುಕುತ್ತಿದ್ದ.

"ಇನ್ನೂ ನೂರು ವರ್ಷ ಇರ್ತದೆ ಮೇಸ್ತ್ರಿ, ನೀನ್ ಕಡಿದಿದ್ದು." ಪಕ್ಕದಲ್ಲಿ ಕೂತೆ. "ಆವಲಪ್ಪ, ಆ ಪುಡಿ..."

"ಕಲ್ಲೈತೆ ಅದ್ರಲ್ಲಿ."

ನಾನು ಅವನನ್ನೇ ನೋಡಿದೆ.

"ಮೊದ್ಲನೇ ದಿನಾನೇ ಗೊತ್ತಾಯ್ತು. ಮೂವತ್ತು ವರ್ಷ ಅದನ್ನೇ ತಿಂದಿದ್ದೀನಿ. ಯಾವ ಬಂಡೆ ಧೂಳು ಅಂತ ನಾಲಿಗೇನೇ ಹೇಳ್ತದೆ." ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. "ಸಿಹಿ ಬಂಡೆ, ಮುನೇಶ್ವರಂದು. ಮಿಕ್ಕಿದ್ ಬಂಡೆಗಿಂತ ವಾಸಿ."

"ಹುಚ್ಚಾ ನಿಂಗೆ? ಗೊತ್ತಿದ್ದೂ ಯಾಕ್ ಊದಿಸ್ಕೊಂಡೆ?"

"ಡಾಕ್ಟ್ರಮ್ಮ ಏನೂ ಇಲ್ಲ ಅಂದ್ಮೇಲೆ ಅವ್ಳು ಮೂರು ದಿನ ಒಲೆ ಹಚ್ಲಿಲ್ಲ ಶೆಟ್ರೇ. ನಿಮ್ಮಂಗ್ಡಿಗೆ ಹೋಗ್ಬಂದ ದಿನ ಹಚ್ಚಿದ್ಲು." ಉಸಿರು ತೆಗೆದುಕೊಂಡ. "ಹೇಳ್ಬೇಡಿ ಅವ್ಳಿಗೆ. ತಾನು ಊದಿದ್ದು ಕಲ್ಲು ಅಂತ ಗೊತ್ತಾದ್ರೆ, ಆಮೇಲೆ ಅದನ್ನಿಟ್ಕೊಂಡು ಅವ್ಳೇನ್ ಮಾಡ್ತಾಳೆ? ನಿಲ್ಸೋಕೆ ಬೇರೆ ಏನಾದ್ರೂ ಹೇಳಿ. ನಿಮ್ಗೆ ಮಾತಿಗೇನ್ ಬರವಾ?"

ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ನರಸಮ್ಮ ಬಂದಳು. ನನ್ನನ್ನು ಕಂಡು ಗಾಬರಿಯಾದಳು.

"ಏನ್ ಶೆಟ್ರೇ, ಏನಾಯ್ತು?"

ದಾರಿಯಲ್ಲಿ ಜೋಡಿಸಿಕೊಂಡ ಮಾತು ಬಾಯಿಯವರೆಗೆ ಬಂತು. ಆವಲಪ್ಪ ನೆಲ ನೋಡುತ್ತಿದ್ದ.

"ಏನೂ ಇಲ್ಲ ತಾಯಿ. ಪುಡಿ ಶುರು ಮಾಡಿ ಎಷ್ಟು ದಿನ ಆಯ್ತು?"

"ಇವತ್ತಿಗೆ ನಲವತ್ತೆರಡು."

"ಸರಿ ಹೋಯ್ತು. ಬಂಡೇದು ಒಂದು ಮಂಡಲ. ಅದು ಮುಗೀತು. ಇನ್ನು ಮರದ್ದು ಒಂದು ಮಂಡಲ. ಊದೋದು ಬೇಡ, ಕಷಾಯ. ಇದಕ್ಕೆ ಮೂರು ನೀರು ಜಾಲಿಸ್ಬೇಕು."

ಅವಳು ಕೊಡ ಇಳಿಸಿ ಬೆರಳೆಣಿಸಿದಳು. "ಮಂಡಲ ಅಂದ್ರೆ ನಲವತ್ತೆಂಟಲ್ವಾ? ಇನ್ನೂ ಆರು ದಿನ ಐತೆ. ಆರು ದಿನಕ್ಕಾಗೋಷ್ಟು ಪುಡಿ ಐತೆ. ಅರ್ಧಕ್ಕೆ ಬಿಟ್ರೆ ಮದ್ದು ಹಿಡಿಯಲ್ಲ."

ನಾನು ಪೊಟ್ಟಣವನ್ನು ಅವಳ ಮುಂದಿಟ್ಟೆ.

"ಏ ಬಿಡೇ," ಎಂದ ಆವಲಪ್ಪ. "ಶೆಟ್ಟಿ ತೂಕ ಅಂದ್ಮೇಲೆ ಆರು ಕಮ್ಮಿ ಇರ್ದೆ ಇರ್ತದಾ?"

ನರಸಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ. ಅವತ್ತಿನಿಂದ ಊದುವುದು ನಿಂತಿತು.

ಕಷಾಯ ಕುಡಿದ ಮೇಲೆ ಎರಡು ವಾರ ಕೆಮ್ಮು ಕೊಂಚ ತಗ್ಗಿತೆಂದು ಬೈರಣ್ಣ ಅಂಗಡಿಗೆ ಬಂದಾಗ ಹೇಳಿದ. ಕಷಾಯದ ಗುಣವೋ, ಧೂಳು ನಿಂತ ಗುಣವೋ, ಅದು ಯಾವ ಹಾಳೆಯಲ್ಲೂ ಬರೆದಿರಲಿಲ್ಲ. ಆಷಾಢದ ಗಾಳಿ ಎದ್ದು ಬಂಡೆಯ ಹುಡಿಯೆಲ್ಲ ಗುಡಿಸಲ ಕಡೆ ತಿರುಗಿತು. ಎರಡನೇ ಮಂಡಲದ ಇಪ್ಪತ್ತೊಂದನೇ ದಿನ ಬೆಳಿಗ್ಗೆ, ಕಷಾಯದ ಲೋಟ ಕೈಗೆ ತಗೊಂಡವನು ಕೂತ ಹಾಗೇ ಗೋಡೆಗೆ ತಲೆ ಕೊಟ್ಟನಂತೆ. ಆವಲಪ್ಪನನ್ನು ಅಂಗಾತ ಮಲಗಿಸಿದ್ದು ಆಮೇಲೆಯೇ. ನಾನು ಮಣ್ಣಿಗೆ ಹೋಗಿದ್ದೆ. ಅವತ್ತು ಬಂಡೆಯಲ್ಲಿ ಸುತ್ತಿಗೆಯ ಸದ್ದಿರಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ನರಸಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು. ಹತ್ತುವಾಗ ಬಗ್ಗಿ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬರಿಯ ಹಣೆ. ಮಡಿಲಿಂದ ನನ್ನದೇ ಅಂಗಡಿಯ ಕಾಗದದ ಒಂದು ಪೊಟ್ಟಣ ತೆಗೆದಿಟ್ಟಳು.

"ಆ ಆರು ದಿನದ್ದು," ಅಂದಳು. "ಬೈರಣ್ಣನ ಮಗ ಉಳಿ ಜಾರಿಸ್ಕೊಂಡು ಅಂಗೈ ಸೀಳ್ಕೊಂಡವ್ನೆ. ಅವ್ನಿಗೆ ಹಾಕೋಣಾಂತ. ಒಂದ್ ಚೊಂಬು ನೀರ್ ಕೊಡಿ ಶೆಟ್ರೇ."

ಕುಡಿಯಲು ಎಂದುಕೊಂಡು ಕೊಟ್ಟೆ. ಅವಳು ಪೊಟ್ಟಣ ಬಿಚ್ಚಿ ಪುಡಿಯನ್ನೆಲ್ಲ ಚೊಂಬಿಗೆ ಸುರಿದಳು.

"ನೀರು ತಾಗಿಸ್ಬಾರ್ದು ಅಂದಿದ್ರಿ."

"ಹೂಂ. ಅಂದಿದ್ದೆ."

"ಮರದ್ದು ತಂದಾಗ ಮೂರು ನೀರು ಜಾಲಿಸು ಅಂದ್ರಿ."

"ಹೂಂ."

"ಸತ್ವ ಹೋಗ್ಲಿಲ್ವಾ ಅದ್ರದ್ದು?"

ಬೀದಿಯಲ್ಲಿ ಹೊಸಕೋಟೆ ಬಸ್ಸು ನಿಂತು ಹಾರನ್ ಹೊಡೆಯಿತು. ನನಗೆ ಮಾತಿಗೆ ಬರ ಬಂದದ್ದು ಅವತ್ತೊಂದೇ ದಿನ.

ಅವಳು ಅಕ್ಕಿ ಜಾಲಿಸುವವರ ಹಾಗೆ ಚೊಂಬನ್ನು ಮಣಿಕಟ್ಟಿನಲ್ಲೇ ಎರಡು ಸುತ್ತು ಆಡಿಸಿ, ಮೇಲೆ ತೇಲಿದ ಹಸಿರು ಬೂದಿಯಂಥ ಹೂವಿನ ಹುಡಿಯನ್ನು ಸೆರಗಿನ ತುದಿಗೆ ಬಸಿದುಕೊಂಡಳು. ಸೆರಗು ಹಿಂಡಿ ಗಂಟು ಹಾಕಿದಳು. ಚೊಂಬಿನೊಳಗೆ ನೋಡಿದಳು. ಅದನ್ನು ಬಾಗಿಲ ಬೆಳಕಿಗೆ ವಾಲಿಸಿ ಇನ್ನೊಮ್ಮೆ ನೋಡಿದಳು. ಆಮೇಲೆ ತಕ್ಕಡಿಯ ಪಕ್ಕದಲ್ಲಿಟ್ಟು, ಗಂಟನ್ನು ಹಿಡಿದುಕೊಂಡು ಬಸ್ಸಿನ ಹಿಂದಿನಿಂದ ಹಾದು, ಬಂಡೆಯ ದಾರಿ ಹಿಡಿದಳು.

ಚೊಂಬನ್ನು ನಾನು ಕೈಗೆತ್ತಿಕೊಂಡೆ. ತಳದಲ್ಲಿ ಉಗುರಿನ ದಪ್ಪಕ್ಕೆ ಬಿಳೀ ಕಲ್ಲಿನ ಹಿಟ್ಟು ನಿಂತಿತ್ತು.